ಒಣ ಕಾಳನ್ನು ಒಲ್ಲೆನೆನ್ನುವ ನಾಯಿ

ನಾಯಿಗೆ ಊಟ ರುಚಿಸುತ್ತಿಲ್ಲವೆಂದು ಯಾರಾದರೂ ಹೇಳಿದ್ದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು. ಮನೆಮಂದಿಯೆಲ್ಲ ಉಂಡ ಮೇಲೆ ಉಳಿದ ಮುದ್ದೆಯ ಚೂರಿಗೆ ಒಂದಿಷ್ಟು ಸಾರು ಸುರಿದು ಹಿತ್ತಲ ಬಾಗಿಲಲ್ಲಿ ಇಟ್ಟರೆ ಸಾಕು, ತಟ್ಟೆ ತೊಳೆದಿಟ್ಟಂತೆ ಆಗುತ್ತಿತ್ತು. ಈಗ ಆ ಮಾತು ಎಲ್ಲ ಮನೆಗಳಿಗೂ ಹೊಂದುವುದಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ ನಾಯಿ ಸಾಕಿದ ಮನೆಗೆ ಹೋದರೆ, ಅಡಿಗೆಮನೆಯ ಮೂಲೆಯಲ್ಲಿ ನಾಯಿಯ ಚಿತ್ರವಿರುವ ಒಂದು ಚೀಲ ಕಂಡರೆ ಆಶ್ಚರ್ಯವಿಲ್ಲ. ಅದರೊಳಗಿನ ವಸ್ತುವನ್ನು ಅಂಗಡಿಯವರು ಡ್ರೈ ಫುಡ್ ಎನ್ನುತ್ತಾರೆ, ಮಕ್ಕಳು ನಾಯಿ ಬಿಸ್ಕತ್ತು ಎನ್ನುತ್ತಾರೆ, ಬಹುಮಂದಿ ಒಂದು ಕಂಪನಿಯ ಹೆಸರಿನಿಂದಲೇ ಎಲ್ಲ ಕಂಪನಿಗಳ ಸರಕನ್ನೂ ಕರೆಯುತ್ತಾರೆ. ನಾವು ಇಲ್ಲಿ ಒಣ ಕಾಳು ಎನ್ನೋಣ. ಚೀಲದ ಮೇಲಿನ ನಾಯಿ ನಾಲಗೆ ಚಾಚಿ ನಿಂತಿರುತ್ತದೆ. ಮನೆಯ ನಾಯಿ ಮಾತ್ರ ಬಟ್ಟಲನ್ನು ಒಮ್ಮೆ ಮೂಸಿ, ಯಜಮಾನರ ಮುಖವನ್ನು ಒಮ್ಮೆ ನೋಡಿ, ಹೋಗಿ ಚಾಪೆಯ ಮೇಲೆ ಮಲಗಿಬಿಡುತ್ತದೆ.

ಆಮೇಲೆ ಮನೆಯಲ್ಲಿ ಏನೇನು ನಡೆಯುತ್ತದೆಂಬುದು ನಿಮಗೆ ಗೊತ್ತೇ ಇದೆ. ಒಬ್ಬರು ಹಾಲು ಹಾಕಿ ನೋಡುತ್ತಾರೆ, ಮತ್ತೊಬ್ಬರು ಕೋಳಿ ಸಾರು ಸುರಿಯುತ್ತಾರೆ, ಇನ್ನೊಬ್ಬರು ಸಂಜೆ ಬರುವಾಗ ಬೇರೆ ರುಚಿಯ ಚೀಲವನ್ನೇ ಹೊತ್ತು ತರುತ್ತಾರೆ. ನಾಯಿ ಮೂರನ್ನೂ ಎರಡೆರಡು ದಿನ ತಿಂದು ಮತ್ತೆ ಮುಖ ತಿರುಗಿಸುತ್ತದೆ. ಈ ರಗಳೆಯನ್ನು ಬಿಡಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಮೊದಲು ಒಂದು ಮಾತು ಇತ್ಯರ್ಥವಾಗಬೇಕು. ನಾಯಿ ತಿನ್ನಲು ಒಲ್ಲದೋ, ತಿನ್ನಲಾರದೋ? ಒಲ್ಲದ ನಾಯಿಗೆ ಹೂಡುವ ಉಪಾಯವನ್ನು ತಿನ್ನಲಾರದ ನಾಯಿಯ ಮೇಲೆ ಹೂಡಿದರೆ ಅದರ ಜೀವಕ್ಕೇ ಸಂಚಕಾರ. ನಿಮ್ಮ ನಾಯಿ ನಿನ್ನೆಯವರೆಗೆ ಚೆನ್ನಾಗಿ ತಿನ್ನುತ್ತಿದ್ದು ಇಂದು ಇದ್ದಕ್ಕಿದ್ದಂತೆ ಬಿಟ್ಟಿದ್ದರೆ ಈ ಲೇಖನದ ಕೊನೆಯ ಭಾಗವನ್ನು ಮೊದಲು ಓದಿ.

ಒಣ ಕಾಳು ನಮ್ಮ ಊರುಗಳಿಗೆ ಒಗ್ಗಿರುವುದು ಬರಿಯ ಷೋಕಿಗಾಗಿ ಎಂದು ಕೆಲವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಕೋಲಾರದ ಚಿನ್ನದ ಗಣಿ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಗಣಿ ನಡೆಯುತ್ತಿದ್ದಾಗ ಪಾಳಿಯ ಲೆಕ್ಕದಲ್ಲಿ ಮನೆಯ ಒಲೆ ಉರಿಯುತ್ತಿತ್ತು. ಈಗ ಎಷ್ಟೋ ಮನೆಗಳಲ್ಲಿ ಅದು ರೈಲಿನ ಲೆಕ್ಕ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಗಿನ ಗಾಡಿ ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಹಿಂದಿರುಗುವವರು ಸಾವಿರಗಟ್ಟಲೆ ಇದ್ದಾರೆ. ಗಂಡಹೆಂಡಿರಿಬ್ಬರೂ ಹೀಗೆ ಹೊರಟರೆ ನಾಯಿಗೆ ಎರಡು ಹೊತ್ತು ಬೇಯಿಸಿ ಹಾಕುವವರು ಯಾರು? ಬೇಯಿಸಿಟ್ಟ ಅನ್ನ ಬೇಸಗೆಯಲ್ಲಿ ಮಧ್ಯಾಹ್ನಕ್ಕೇ ಹಳಸುತ್ತದೆ. ಒಣ ಕಾಳು ಹಳಸುವುದಿಲ್ಲ, ಅಳತೆಗೆ ಸಿಗುತ್ತದೆ, ಮತ್ತು ಒಳ್ಳೆಯ ತಯಾರಿಕೆಯದಾದರೆ ನಾಯಿಗೆ ಬೇಕಾದ ಪ್ರೋಟೀನು, ಕೊಬ್ಬು, ಸುಣ್ಣ, ಜೀವಸತ್ತ್ವಗಳು ಅದರಲ್ಲಿ ಲೆಕ್ಕವಾಗಿ ಇರುತ್ತವೆ. ಮುದ್ದೆ ಸಾರಿನಲ್ಲಿ ಸುಣ್ಣವೇನೋ ಧಾರಾಳ, ಆದರೆ ಪ್ರೋಟೀನು ಸಾಲದು.

ಹಾಗೆಂದು ರಾಗಿಯನ್ನು ಹಳಿಯಬೇಕಾಗಿಲ್ಲ. ಧಾನ್ಯ ನಾಯಿಯ ಹೊಟ್ಟೆಗೆ ಹೊಂದದು ಎಂಬ ಮಾತು ಈಚೆಗೆ ಬಹಳವಾಗಿ ಕೇಳಿಬರುತ್ತಿದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ೨೦೧೩ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇದಕ್ಕೆ ಚೆನ್ನಾಗಿ ಉತ್ತರ ಹೇಳುತ್ತದೆ. ಪಿಷ್ಟವನ್ನು ಅರಗಿಸುವ ಒಂದು ಜೀನಿನ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇವೆ. ಮನುಷ್ಯನ ಹೊಲದ ಅಂಚಿನಲ್ಲಿ ಸಾವಿರಾರು ವರ್ಷ ಬಾಳಿದ ಪ್ರಾಣಿ ಅವನ ಧಾನ್ಯಕ್ಕೂ ಹೊಂದಿಕೊಂಡಿತು.

ಈ ಕಾಳಿನ ಕಥೆಯೂ ಸ್ವಾರಸ್ಯವಾಗಿದೆ. ೧೮೬೦ರ ಸುಮಾರಿನಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನು ಇಂಗ್ಲೆಂಡಿಗೆ ಬಂದಿದ್ದಾಗ, ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಗಟ್ಟಿ ಬಿಸ್ಕತ್ತುಗಳನ್ನು ನಾಯಿಗಳು ಮುಗಿಬಿದ್ದು ತಿನ್ನುವುದನ್ನು ಕಂಡು, ಗೋಧಿ, ತರಕಾರಿ, ಒಣಗಿಸಿದ ಮಾಂಸ ಸೇರಿಸಿ ನಾಯಿಗೆಂದೇ ಬಿಸ್ಕತ್ತು ಮಾಡಿ ಮಾರಿದನೆಂದು ಹೇಳುತ್ತಾರೆ. ಇಂದು ನಾವು ಕಾಣುವ ಉಬ್ಬಿದ ಕಾಳು ಬಂದದ್ದು ಅದರ ನೂರು ವರ್ಷದ ಮೇಲೆ. ಅಮೆರಿಕದ ಪ್ಯೂರಿನಾ ಕಂಪನಿ ೧೯೫೭ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಮಾಡುವ ಬಗೆ ನಮ್ಮ ಹೆಂಗಸರಿಗೆ ತಟ್ಟನೆ ಅರ್ಥವಾಗುವಂಥದು. ಜೋಳ, ಅಕ್ಕಿ, ಗೋಧಿಗಳ ಹಿಟ್ಟಿಗೆ ಮಾಂಸದ ಪುಡಿ ಬೆರೆಸಿ, ಹಬೆಯಲ್ಲಿ ಬೇಯಿಸುತ್ತ, ದೊಡ್ಡ ತಿರುಪಿನಿಂದ ನೂಕಿ ಸಣ್ಣ ಕಂಡಿಗಳ ಮೂಲಕ ಒತ್ತುತ್ತಾರೆ. ಚಕ್ಕುಲಿ ಒರಳನ್ನೇ ಯಂತ್ರಕ್ಕೆ ಕಟ್ಟಿದಂತೆ. ಒತ್ತಡದಿಂದ ಹೊರಗೆ ಬಂದ ಕೂಡಲೆ ಹಿಟ್ಟಿನೊಳಗಿನ ನೀರು ಆವಿಯಾಗಿ ಹಾರಿ ಕಾಳು ಅರಳಿನಂತೆ ಉಬ್ಬುತ್ತದೆ. ಅದನ್ನು ಒಣಗಿಸಿದಾಗ ನೂರು ಗ್ರಾಂ ಕಾಳಿನಲ್ಲಿ ಸುಮಾರು ಹತ್ತು ಗ್ರಾಂ ನೀರು ಮಾತ್ರ ಉಳಿಯುತ್ತದೆ. ಕಟ್ಟಕಡೆಗೆ ಮೇಲೆ ಕೊಬ್ಬನ್ನೂ, ಕೋಳಿಯ ಪಿತ್ತಜನಕಾಂಗ ಮೊದಲಾದವುಗಳಿಂದ ತೆಗೆದ ರಸವನ್ನೂ ಸಿಂಪಡಿಸುತ್ತಾರೆ. ನಾಯಿಗೆ ಬೇಕಾದ ಪರಿಮಳವೆಲ್ಲ ಬಹುಮಟ್ಟಿಗೆ ಈ ಮೇಲುಲೇಪದಲ್ಲೇ ಇರುತ್ತದೆ ಎಂಬುದನ್ನು ನೆನಪಿನಲ್ಲಿಡಿ. ಮುಂದೆ ಹೇಳುವುದಕ್ಕೆಲ್ಲ ಇದೇ ಆಧಾರ.

ಏಕೆಂದರೆ ನಾಯಿ ಊಟದ ರುಚಿ ನೋಡುವುದು ಮೂಗಿನಿಂದ. ಮನುಷ್ಯನ ನಾಲಗೆಯಲ್ಲಿ ಸುಮಾರು ೯,೦೦೦ ರುಚಿಮೊಗ್ಗುಗಳಿದ್ದರೆ ನಾಯಿಯದರಲ್ಲಿ ೧,೭೦೦ರಷ್ಟು ಮಾತ್ರ. ಮೂಗಿನ ವಿಷಯದಲ್ಲಾದರೋ ನಾವು ಅದರ ಹತ್ತಿರಕ್ಕೂ ಸುಳಿಯಲಾರೆವು. ತಣ್ಣಗಿನ ಒಣ ಕಾಳಿನಿಂದ ವಾಸನೆ ಏಳುವುದು ಕಡಮೆ. ಆದುದರಿಂದ ಮೊಟ್ಟಮೊದಲು ಮಾಡಬೇಕಾದ ಉಪಾಯಕ್ಕೆ ಒಂದು ಕಾಸೂ ಖರ್ಚಿಲ್ಲ. ಮೂರು ಲೋಟ ಕಾಳಿಗೆ ಒಂದು ಲೋಟದ ಲೆಕ್ಕದಲ್ಲಿ ಬೆಚ್ಚನೆಯ ನೀರು ಹಾಕಿ ಐದು ನಿಮಿಷ ಬಿಡಿ. ನೀರು ಕುದಿಯುತ್ತಿರಬಾರದು, ಮಗುವಿಗೆ ಕೊಡುವ ಹಾಲಿನಷ್ಟು ಬಿಸಿ ಇದ್ದರೆ ಸಾಕು. ಕೊಬ್ಬಿನ ವಾಸನೆ ಆಗ ಮೇಲೇಳುತ್ತದೆ, ಕಾಳು ಸ್ವಲ್ಪ ಮೆತ್ತಗಾಗುತ್ತದೆ. ಎಷ್ಟೋ ನಾಯಿಗಳ ಹಟ ಇಷ್ಟಕ್ಕೇ ಕರಗುತ್ತದೆ. ಒಂದು ಎಚ್ಚರಿಕೆ: ನೆನೆಸಿದ ಕಾಳು ಅನ್ನದಂತೆಯೇ ಹುಳಿಯಾಗುತ್ತದೆ. ಅದನ್ನು ನಿಮ್ಮ ಕಣ್ಣೆದುರಿಗೇ ತಿನ್ನಿಸಬೇಕು, ಬಟ್ಟಲಲ್ಲಿಟ್ಟು ಗಾಡಿಗೆ ಓಡಬಾರದು.

ಇಷ್ಟು ಮಾಡಿಯೂ ತಿನ್ನದಿದ್ದರೆ ಹೊಟ್ಟೆಯ ಲೆಕ್ಕ ನೋಡಬೇಕು. ರಗಳೆಯ ನಾಯಿಗಳಲ್ಲಿ ಬಹುಪಾಲು ವಾಸ್ತವವಾಗಿ ಹೊಟ್ಟೆ ತುಂಬಿದ ನಾಯಿಗಳೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹತ್ತು ಕೆಜಿ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು ೬೦೦ ಕ್ಯಾಲರಿ ಬೇಕು. ಒಣ ಕಾಳಿನ ಲೆಕ್ಕದಲ್ಲಿ ಅದು ೧೬೦ರಿಂದ ೧೮೦ ಗ್ರಾಂ. ಈಗ ಮನೆಯಲ್ಲಿ ನಡೆಯುವುದನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಕಾಫಿಯ ಹೊತ್ತಿಗೆ ನಾಯಿ ಬಂದು ಕಾಲ ಬಳಿ ಕೂರುತ್ತದೆ. ಯಜಮಾನರು ಎರಡು ಗ್ಲೂಕೋಸ್ ಬಿಸ್ಕತ್ತು ಎಸೆಯುತ್ತಾರೆ. ಶಾಲೆಗೆ ಹೊರಟ ಮಕ್ಕಳು ಎರಡು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಎರಡು. ಸಂಜೆ ಮತ್ತೆ ನಾಲ್ಕು. ಒಂದು ಸಣ್ಣ ಬಿಸ್ಕತ್ತಿಗೆ ೨೦ರಿಂದ ೨೫ ಕ್ಯಾಲರಿಯಂತೆ ಹತ್ತಕ್ಕೆ ೨೦೦ರ ಮೇಲಾಯಿತು. ನಡುವೆ ಅಜ್ಜಿ ಇದ್ದಾರಲ್ಲ. "ಏನಪ್ಪಾ, ಬಾಯಿಲ್ಲದ ಪ್ರಾಣಿಗೆ ಕಲ್ಲು ತಂದು ಹಾಕಿದೀಯ" ಎಂದು ಮೊಮ್ಮಗನನ್ನು ಗದರಿಸಿ, ಎಲ್ಲರೂ ಹೊರಟ ಮೇಲೆ ಒಂದು ಬಟ್ಟಲು ಮೊಸರನ್ನ ಕಲಸಿ ಇಡುತ್ತಾರೆ. ಅಲ್ಲಿಗೆ ಇನ್ನೂ ೨೦೦. ಇಷ್ಟೆಲ್ಲ ಆದ ಮೇಲೆ ರಾತ್ರಿ ಬಟ್ಟಲು ತುಂಬ ಕಾಳು ಸುರಿದರೆ ನಾಯಿ ಏಕೆ ತಿಂದೀತು? ಅದಕ್ಕೆ ಇನ್ನು ಬೇಕಾಗಿರುವುದು ಐವತ್ತು ಗ್ರಾಂ. ಅದು ಮೂಸಿ ಬಿಟ್ಟುಬಿಟ್ಟರೆ ಮನೆಯವರು ಗಾಬರಿಗೊಂಡು ಮೊಟ್ಟೆ ಬೇಯಿಸುತ್ತಾರೆ. ಹೀಗೆ, ಕಾಳನ್ನು ಬಿಟ್ಟರೆ ಮೊಟ್ಟೆ ಬರುತ್ತದೆ ಎಂಬ ಪಾಠವನ್ನು ನಾವೇ ಅದಕ್ಕೆ ಕಲಿಸಿದಂತಾಗುತ್ತದೆ. ನಾಯಿ ಜಾಣ ವಿದ್ಯಾರ್ಥಿ.

(ಲ್ಯಾಬ್ರಡಾರ್ ಸಾಕಿದವರಿಗೆ ಈ ಕಷ್ಟ ಅಪರೂಪ. ಆ ತಳಿಯ ನಾಲ್ಕರಲ್ಲಿ ಒಂದರಷ್ಟು ನಾಯಿಗಳಲ್ಲಿ ಹಸಿವನ್ನು ಹತೋಟಿಯಲ್ಲಿಡುವ ಒಂದು ಜೀನೇ ಮುರಿದಿದೆಯೆಂದು ಕೇಂಬ್ರಿಜ್ಜಿನ ಸಂಶೋಧಕರು ೨೦೧೬ರಲ್ಲಿ ಕಂಡುಕೊಂಡರು. ಅವರ ಕಷ್ಟ ಬಟ್ಟಲನ್ನು ಬಚ್ಚಿಡುವುದು.)

ಆದ್ದರಿಂದ ಮನೆಯವರೆಲ್ಲ ಒಂದು ಸಂಜೆ ಕೂತು ಒಪ್ಪಂದ ಮಾಡಿಕೊಳ್ಳಬೇಕು, ಅಜ್ಜಿಯನ್ನೂ ಸೇರಿಸಿಕೊಂಡು. ದಿನದ ಕಾಳನ್ನು ಬೆಳಿಗ್ಗೆಯೇ ತೂಗಿ ಒಂದು ಡಬ್ಬಿಯಲ್ಲಿ ಹಾಕಿಡಿ. ಯಾರಿಗೆ ಏನನ್ನಾದರೂ ಕೊಡುವ ಮನಸ್ಸಾದರೂ ಆ ಡಬ್ಬಿಯಿಂದಲೇ ನಾಲ್ಕು ಕಾಳು ಕೊಡಲಿ. ಬೇರೆ ತಿಂಡಿಯೆಲ್ಲ ಸೇರಿ ದಿನದ ಆಹಾರದಲ್ಲಿ ಹತ್ತನೆಯ ಒಂದು ಪಾಲು ಮೀರದಿರಲಿ. ಊಟ ಎರಡೇ ಹೊತ್ತು: ನೀವು ಗಾಡಿಗೆ ಹೊರಡುವ ಮೊದಲು ಒಂದು, ಹಿಂದಿರುಗಿದ ಮೇಲೆ ಒಂದು. ಬೇಸಗೆಯಲ್ಲಿ ಈ ತಂಪು ಹೊತ್ತುಗಳೇ ಒಳ್ಳೆಯವು, ಬಿಸಿಲೇರಿದಾಗ ಯಾವ ನಾಯಿಗೂ ಹಸಿವು ಕುಗ್ಗುತ್ತದೆ. ಬಟ್ಟಲಿಟ್ಟು, ರೇಡಿಯೋದಲ್ಲಿ ಹತ್ತು ನಿಮಿಷದ ವಾರ್ತೆ ಮುಗಿದು ಎರಡು ಹಾಡು ಆಗುವಷ್ಟು ಹೊತ್ತು ಕಾಯಿರಿ. ತಿಂದರೆ ಸರಿ. ತಿನ್ನದಿದ್ದರೆ ಬೈಯದೆ, ಬೇಡಿಕೊಳ್ಳದೆ, ಬಟ್ಟಲನ್ನು ಎತ್ತಿಡಿ. ಮುಂದಿನ ಹೊತ್ತಿನವರೆಗೆ ನೀರು ಹೊರತು ಏನೂ ಇಲ್ಲ. ಆರೋಗ್ಯವಾಗಿರುವ ಬೆಳೆದ ನಾಯಿ ಒಂದು ಹೊತ್ತು ಉಪವಾಸವಿದ್ದರೆ ಅದಕ್ಕೇನೂ ಆಗುವುದಿಲ್ಲ; ಕಷ್ಟವಾಗುವುದು ನೋಡುವವರಿಗೆ. ಮರಿಗಳಿಗೂ, ಮುದಿ ನಾಯಿಗಳಿಗೂ, ಖಾಯಿಲೆಯವಕ್ಕೂ ಈ ಕ್ರಮ ಸಲ್ಲದು.

ಹೊಸ ಕಾಳಿಗೆ ಒಮ್ಮೆಗೇ ಬದಲಾಯಿಸುವುದೂ ತರವಲ್ಲ. ಮೊದಲ ಎರಡು ಮೂರು ದಿನ ಹಳೆಯ ಊಟ ಮುಕ್ಕಾಲು, ಕಾಳು ಕಾಲು. ಬಳಿಕ ಅರ್ಧರ್ಧ. ಹೀಗೆ ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿ ಕಾಳಿಗೆ ಬಂದರೆ ಭೇದಿಯಾಗುವುದಿಲ್ಲ.

ಇನ್ನು ಕಾಳಿನ ಜೊತೆಗೆ ಬೆರೆಸುವ ವಿಷಯ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಪ್ರೀತಿ ನಾಯಿಗೆ ವಿಷವಾಗುವುದು ಇಲ್ಲೇ. ತಿನ್ನದ ನಾಯಿಗೆ ನಾವು ಮೊದಲು ಸುರಿಯುವುದು ಮನೆಯ ಸಾರು. ಕೋಳಿ ಸಾರಾಗಲಿ, ಬಸ್ಸಾರಾಗಲಿ, ಭಾನುವಾರದ ಬಿರಿಯಾನಿಯ ತಳವಾಗಲಿ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇದ್ದೇ ಇರುತ್ತವೆ. ಇವೆರಡರಲ್ಲೂ ಇರುವ ಗಂಧಕದ ಸಂಯುಕ್ತಗಳು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ನಾಯಿಯ ತೂಕದ ಒಂದೊಂದು ಕೆಜಿಗೆ ೧೫ರಿಂದ ೩೦ ಗ್ರಾಂ ಈರುಳ್ಳಿ ಒಮ್ಮೆಗೆ ಹೊಟ್ಟೆಗೆ ಹೋದರೆ ಅಪಾಯ ಕಾಣಿಸಿಕೊಳ್ಳುತ್ತದೆ. ಹತ್ತು ಕೆಜಿಯ ನಾಯಿಗೆ ಎರಡು ಈರುಳ್ಳಿಯ ಮಾತು. ಒಂದು ಹೊತ್ತಿನ ಸಾರಿನಲ್ಲಿ ಅಷ್ಟು ಇರಲಾರದು ನಿಜ. ಆದರೆ ದಿನ ದಿನವೂ ಸ್ವಲ್ಪ ಸ್ವಲ್ಪ ಹೋದರೂ ಹಾನಿ ಕೂಡುತ್ತಲೇ ಇರುತ್ತದೆ, ಮತ್ತು ಅದು ಹೊರಗೆ ಕಾಣುವುದು ಕೆಲವು ದಿನಗಳ ಮೇಲೆ. ಆಗ ನಾಯಿಗೆ ನಿಶ್ಶಕ್ತಿ, ವಸಡು ಬಿಳಿಚಿಕೊಳ್ಳುವುದು, ಮೂತ್ರ ಕಂದು ಬಣ್ಣಕ್ಕೆ ತಿರುಗುವುದು. ಅದರ ಜೊತೆಗೆ ಹಸಿವಿಲ್ಲದಿರುವುದೂ ಸೇರುತ್ತದೆ. ಹಸಿವಿಲ್ಲವೆಂದು ಮನೆಯವರು ಇನ್ನಷ್ಟು ಸಾರು ಸುರಿಯುತ್ತಾರೆ. ಎಂಥ ವಿಪರೀತ, ನೋಡಿ.

ಪಾಯಸದ ಒಣದ್ರಾಕ್ಷಿಯೂ, ನಮ್ಮ ಸೀಮೆಯಲ್ಲಿ ಬೆಳೆಯುವ ಹಸಿ ದ್ರಾಕ್ಷಿಯೂ ಕೆಲವು ನಾಯಿಗಳ ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಚಾಕೊಲೇಟು ಬೇಡ. ಬೇಯಿಸಿದ ಕೋಳಿ ಮೂಳೆ ಸೀಳಾಗಿ ಒಡೆದು ಕರುಳನ್ನು ಚುಚ್ಚುತ್ತದೆ. ಹಾಲು ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಭೇದಿ ಮಾಡಿಸುತ್ತದೆ.

ಹಾಗಾದರೆ ಬೆರೆಸುವುದೇನನ್ನು? ಕೋಳಿಯ ಒಂದೆರಡು ತುಂಡನ್ನು ಉಪ್ಪು, ಖಾರ, ಈರುಳ್ಳಿ ಏನೂ ಇಲ್ಲದೆ ಬರಿಯ ನೀರಿನಲ್ಲಿ ಬೇಯಿಸಿ, ಮೂಳೆ ತೆಗೆದು, ಆ ನೀರನ್ನು ಶೋಧಿಸಿಟ್ಟುಕೊಳ್ಳಿ. ಬೆಚ್ಚನೆಯ ನೀರಿನ ಬದಲು ಇದನ್ನು ನಾಲ್ಕು ಚಮಚ ಹಾಕಿದರೆ ಎಂಥ ಬಿಂಕದ ನಾಯಿಯೂ ಬಟ್ಟಲಿಗೆ ಮೂಗಿಡುತ್ತದೆ. ಮಾಂಸ ಬೇಯಿಸದ ಮನೆಗಳಲ್ಲಿ ಒಂದು ಚಮಚ ಮೊಸರು, ಬೇಯಿಸಿ ಹಿಸುಕಿದ ಸಿಹಿಗುಂಬಳ ಅಥವಾ ಕ್ಯಾರೆಟ್ಟು ಸಾಕು. ಯಾವುದನ್ನೇ ಆಗಲಿ, ಮೇಲೆ ಅಲಂಕಾರದಂತೆ ಇಡಬೇಡಿ. ನಾಯಿ ಅದನ್ನು ಆರಿಸಿ ತಿಂದು ಕಾಳನ್ನು ಬಿಟ್ಟುಬಿಡುತ್ತದೆ. ಕೈಯಿಂದ ಚೆನ್ನಾಗಿ ಕಲಸಿ. ತಿನ್ನುವ ಅಭ್ಯಾಸ ಕೂಡಿದ ಮೇಲೆ ವಾರಕ್ಕಿಷ್ಟರಂತೆ ಬೆರಕೆಯನ್ನು ಕಡಮೆ ಮಾಡುತ್ತ ಬನ್ನಿ. ಇದೇ ಕೋಳಿಯ ನೀರಿನಲ್ಲಿ ಕಾಳನ್ನು ಒಂದು ಕ್ಷಣ ಹೊರಳಿಸಿ ಹಳೆಯ ಚಿಂದಿ ಬಟ್ಟೆಯ ಮಡಿಕೆಗಳಲ್ಲಿ ಅಡಗಿಸಿಟ್ಟರೆ ಹುಡುಕಿ ತಿನ್ನುವುದನ್ನು ಕೆಲವು ನಾಯಿಗಳು ಬಟ್ಟಲಿಗಿಂತ ಹೆಚ್ಚು ಮೆಚ್ಚುತ್ತವೆ. ನೀವು ಎದುರಿಗಿರುವಾಗ ಮಾತ್ರ ಈ ಆಟ, ಇಲ್ಲದಿದ್ದರೆ ಬಟ್ಟೆಯನ್ನೂ ನುಂಗಿಯಾವು.

ಕೋಲಾರ ಜಿಲ್ಲೆಯವರಿಗೆ ವಿಶೇಷವಾಗಿ ಹೇಳಬೇಕಾದುದು ನೀರಿನ ಮಾತು. ಸದಾ ಹರಿಯುವ ನದಿಯಿಲ್ಲದ ಸೀಮೆ ನಮ್ಮದು. ಟ್ಯಾಂಕರ್ ಬಂದ ದಿನ ಡ್ರಮ್ಮು ತುಂಬಿ, ಲೋಟದ ಲೆಕ್ಕದಲ್ಲಿ ಬಳಸುವ ಬೇಸಗೆಯಲ್ಲಿ ನಾಯಿಯ ನೀರಿನ ಬಟ್ಟಲು ಕೊನೆಗೆ ನೆನಪಾಗುವುದು ಸಹಜವೇ. ಮುದ್ದೆ, ಅನ್ನ, ಸಾರು ತಿನ್ನುವ ನಾಯಿಗೆ ಊಟದಲ್ಲೇ ಬೇಕಾದಷ್ಟು ನೀರು ಸಿಗುತ್ತದೆ. ಕಾಳು ತಿನ್ನುವ ನಾಯಿಗೆ ಸಿಗುವುದಿಲ್ಲ. ಹತ್ತು ಕೆಜಿಯ ನಾಯಿಗೆ ದಿನಕ್ಕೆ ಅರ್ಧ ಲೀಟರಿಗೆ ಕಡಮೆಯಿಲ್ಲದಂತೆ ನೀರು ಬೇಕು, ಬಿಸಿಲಿನಲ್ಲಿ ಇನ್ನೂ ಹೆಚ್ಚು. ಬಾಯಾರಿದ ನಾಯಿ ಒಣ ಕಾಳನ್ನು ಮುಟ್ಟುವುದಿಲ್ಲ. ಬಾಯೊಣಗಿರುವಾಗ ನಮಗೆ ಹುರಿಗಡಲೆ ಕೊಟ್ಟರೆ ನಾವು ತಿನ್ನುತ್ತೇವೆಯೆ? ದಿನವೂ ಬಟ್ಟಲು ತೊಳೆದು, ಎರಡು ಬಾರಿ ನೀರು ಬದಲಾಯಿಸಿ ನೋಡಿ. ಹಳೆಯ ನೀರನ್ನು ಗಿಡಕ್ಕೆ ಹಾಕಿದರಾಯಿತು.

ಕೆಲವೊಮ್ಮೆ ತಪ್ಪು ಕಾಳಿನದೇ ಆಗಿರುತ್ತದೆ. ದೊಡ್ಡ ಚೀಲ ಬಿಚ್ಚಿಟ್ಟು ಕೆಜಿಯ ಲೆಕ್ಕದಲ್ಲಿ ಬಿಡಿಯಾಗಿ ಮಾರುವ ರೂಢಿ ನಮ್ಮ ಕಡೆ ಉಂಟು. ಅಗ್ಗವೇನೋ ಹೌದು. ಆದರೆ ಮೇಲೆ ಸಿಂಪಡಿಸಿದ ಕೊಬ್ಬು ಗಾಳಿ, ಬೆಳಕು, ಸೆಖೆಗಳಿಗೆ ಸಿಕ್ಕಿ ಕಮಟಾಗುತ್ತದೆ. ಹಳೆಯ ಕಡಲೆಕಾಯಿ ಎಣ್ಣೆಯ ವಾಸನೆ ಹೇಗೆ ನಮಗೆ ತಿಳಿಯುತ್ತದೋ ಹಾಗೆ, ನಮಗಿಂತ ಎಷ್ಟೋ ಮೊದಲೇ, ನಾಯಿಗೆ ಇದು ತಿಳಿಯುತ್ತದೆ. ಅಂಥ ಕಾಳನ್ನು ಅದು ಬಿಟ್ಟರೆ ಹಟವೆನ್ನಬಾರದು. ಒಂದು ತಿಂಗಳಿಗೆ ಸಾಲುವಷ್ಟು ಸಣ್ಣ ಚೀಲವನ್ನು ದಿನಾಂಕ ನೋಡಿ ಕೊಳ್ಳಿ. ಕಾಳನ್ನು ಡಬ್ಬಿಗೆ ಸುರಿಯದೆ, ಚೀಲದ ಬಾಯನ್ನು ಮಡಿಸಿ ಕಟ್ಟಿ ಚೀಲ ಸಮೇತ ಡಬ್ಬಿಯಲ್ಲಿಡಿ. ಡಬ್ಬಿಯ ಒಳಮೈಗೆ ಅಂಟಿದ ಹಳೆಯ ಜಿಡ್ಡು ಹೊಸ ಕಾಳನ್ನೂ ಕೆಡಿಸುತ್ತದೆ. ಇರುವೆಗಳಿಗೆ ನಮ್ಮ ಅಮ್ಮಂದಿರ ಉಪಾಯವೇ ಸಾಕು: ನೀರು ತುಂಬಿದ ತಟ್ಟೆಯ ನಡುವೆ ಬಟ್ಟಲಿಡುವುದು.

ಈಗ ತಿನ್ನಲಾರದ ನಾಯಿಯ ವಿಷಯ. ಬಟ್ಟಲಿನ ಹತ್ತಿರ ಆಸೆಯಿಂದ ಬಂದು, ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು, ಕೆಳಗೆ ಬೀಳಿಸಿಬಿಡುವ ನಾಯಿಗೆ ಹಸಿವಿದೆ, ನೋವಿರುವುದು ಹಲ್ಲಿನಲ್ಲಿ. ನಮ್ಮ ಊರುಗಳಲ್ಲಿ ಪೊಮೇರಿಯನ್ ಎಂದು ಕರೆಯುವ ಬಿಳಿಯ ಸಣ್ಣ ನಾಯಿಗಳಲ್ಲಿ ಮೂರು ನಾಲ್ಕು ವರ್ಷಕ್ಕೇ ವಸಡಿನ ರೋಗ ಸಾಮಾನ್ಯ. ತುಟಿ ಎತ್ತಿ ನೋಡಿ. ಹಲ್ಲಿನ ಬುಡದಲ್ಲಿ ಕಂದು ಕಿಟ್ಟ, ಕೆಂಪಗೆ ಊದಿದ ವಸಡು, ಕೆಟ್ಟ ವಾಸನೆ ಇದ್ದರೆ ಕಾಳನ್ನು ನೆನೆಸಿ ಕೊಡುತ್ತ, ವೈದ್ಯರಿಂದ ಹಲ್ಲು ಶುಚಿ ಮಾಡಿಸಬೇಕು. ನಾಲ್ಕರಿಂದ ಆರು ತಿಂಗಳ ಮರಿಗೆ ಹಲ್ಲು ಬದಲಾಗುತ್ತಿರುತ್ತದೆ. ಅದಕ್ಕೂ ಕೆಲವು ವಾರ ನೆನೆಸಿದ ಕಾಳೇ ಒಳ್ಳೆಯದು.

ಇದಕ್ಕಿಂತ ಭಯಪಡಬೇಕಾದುದು ಉಣ್ಣಿ ಜ್ವರ. ನಾಯಿಯ ಮೈಗೆ ಹತ್ತುವ ಕಂದು ಉಣ್ಣಿಯ ಕಡಿತದಿಂದ ರಕ್ತಕ್ಕೆ ಸೇರುವ ರೋಗ ಇದು. ಇದರ ಮೊದಲ ಚಿಹ್ನೆಗಳಲ್ಲೊಂದು ಊಟ ಬಿಡುವುದೇ. ಜೊತೆಗೆ ಜ್ವರ, ಮಂಕು, ಬಿಳಿಚಿದ ವಸಡು, ಕೆಲವೊಮ್ಮೆ ಮೂಗಿನಿಂದ ರಕ್ತ. ಬೇಗ ಗುರುತಿಸಿದರೆ ಒಳ್ಳೆಯ ಔಷಧವಿದೆ. ನಾಯಿ ಹಟ ಮಾಡುತ್ತಿದೆಯೆಂದು ನಾಲ್ಕು ದಿನ ಬಟ್ಟಲು ಎತ್ತಿಡುತ್ತ ಕೂತರೆ ಹೊತ್ತು ಮೀರುತ್ತದೆ. ಆದುದರಿಂದ ಬೆಳೆದ ನಾಯಿ ಒಂದು ಹಗಲು ಒಂದು ರಾತ್ರಿ ಏನನ್ನೂ, ತನಗೆ ಪ್ರಿಯವಾದ ಬಿಸ್ಕತ್ತನ್ನು ಸಹ, ಮುಟ್ಟದಿದ್ದರೆ ದನದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮರಿಯಾದರೆ ಅರ್ಧ ದಿನವೂ ಕಾಯಬಾರದು. ವಾಂತಿ ಭೇದಿ ಇದ್ದರಂತೂ ಆ ಗಳಿಗೆಯೇ ಹೊರಡಬೇಕು. ಹತ್ತಿರದಲ್ಲಿ ರಕ್ತ ಪರೀಕ್ಷೆಗೆ ಅನುಕೂಲವಿಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳದಲ್ಲಿ ೧೯೫೮ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ವೈದ್ಯರು ಮೊದಲು ಕೇಳುವ ಪ್ರಶ್ನೆ ನಾಯಿ ಏನು ತಿಂದಿತ್ತು ಎಂಬುದು. ಹಿಂದಿನ ಮೂರು ದಿನ ಮನೆಯಲ್ಲಿ ಯಾರು ಯಾರು ಏನೇನು ಕೊಟ್ಟರೆಂಬುದನ್ನು, ಅಜ್ಜಿಯ ಮೊಸರನ್ನವನ್ನೂ ಪಕ್ಕದ ಮನೆಯ ಬಿಸ್ಕತ್ತನ್ನೂ ಬಿಡದೆ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಾಳಿನ ಚೀಲವನ್ನು ಮನೆಯಲ್ಲಿ ಬಿಡದೆ, ತಳದಲ್ಲಿ ಉಳಿದ ಒಂದು ಹಿಡಿ ಕಾಳು ಸಮೇತ ಜೊತೆಗೆ ತೆಗೆದುಕೊಂಡು ಹೋಗಿ.